ಹೆಡ್ಡಿನ ಮಾಪಿಗೆ ಕೊಟ್ಟ ಹಿಟ್ಟು

ಚಿಮಣಿ ಎಣ್ಣ್ಯಾಗ ತೊಳದ ಕಬ್ಬಿಣದ ವಾಸನಿ ಮೂಗಿಗೆ ಬಡದ್ರ ಇವತ್ತಿಗೂ ನನ್ನ ಎದಿ ಧಸಕ್ಕ ಅಂತದ. ಮೊನ್ನೆ ಸೊಲ್ಲಾಪುರದಾಗ ಮೊಮ್ಮಗ ತನ್ನ ಗಾಡಿ ದುರಸ್ತಿಗೆ ಹಾಕಿದ್ದ, ಅವನ ಜೋಡಿ ಗ್ಯಾರೇಜಿನ ಮುಂದ ಸ್ಟೂಲಿನ ಮ್ಯಾಲ ಕುಂತಿದ್ದೆ. ಒಳಗ ಒಬ್ಬಾಂವ ಪರಾತದಾಗ ಎಣ್ಣಿ ಸುರುವಿ ಏನೋ ಸಾಮಾನ ತಿಕ್ಕಾಕತ್ತಿದ್ದ. ಗಾಳಿ ತಿರುಗಿ ಆ ವಾಸನಿ ನನ್ನ ಕಡೆ ಬಂತು. ಸುಟ್ಟ ಆಯಿಲ್ಲು, ಚಿಮಣಿ ಎಣ್ಣಿ, ತುಕ್ಕು, ಅದರ ಬೆನ್ನಿಗೇ ಬೆಲ್ಲದ ಹೂರಣ ಕುದಿಯೋ ವಾಸನಿ. ಹೂರಣ ಅಲ್ಲಿ ಎಲ್ಲೂ ಇರಲಿಲ್ಲ ಬಿಡ್ರಿ, ಅದು ನನ್ನ ತಲ್ಯಾಗಿಂದು. ಎಪ್ಪತ್ತು ವರ್ಷ ಆಗಾಕ ಬಂತು, ಆ ಎರಡೂ ವಾಸನಿ ನನ್ನೊಳಗ ಕೂಡಿಕೊಂಡೇ ಕುಂತಾವ. ಮೊಮ್ಮಗ ನನ್ನ ಮಾರಿ ನೋಡಿ "ಆಯಿ, ನೀರ ತರಲೇನು?" ಅಂದ. ಬ್ಯಾಡಪಾ ಅಂದೆ. ಅಂವಗ ಏನಂತ ಹೇಳಲಿ?

ನಿಮಗ ಹೇಳ್ತೀನಿ. ನಿಮ್ಮ ಹಂತ್ಯಾಕೂ ಇಂಥದೊಂದು ಮನಿ ಇದ್ದೀತು, ಈಗ ಇಲ್ಲದ್ದು. ನಮ್ಮದು ಅಕ್ಕಲಕೋಟದಾಗ ಇತ್ತು. ಮಣ್ಣಿನ ಮಾಳಿಗಿ ಮನಿ, ಮಾಳಿಗ್ಯಾಗ ಒಂದು ಬೆಳಕಿಂಡಿ, ಅದರಾಗಿಂದ ಇಳಿಯೋ ಬಿಸಲಿನ ಕೋಲು ಮುಂಜಾನೆ ದೇವರ ಜಗಲಿ ಮ್ಯಾಲ ಬಿದ್ದು ಮಧ್ಯಾಹ್ನಕ್ಕ ಬೀಸೋಕಲ್ಲಿಗೆ ಬರ್ತಿತ್ತು. ಜಗಲಿ ಮ್ಯಾಲ ನಮ್ಮ ಮನಿದೇವರು ಬೀರೋಬನ ಭಂಡಾರದ, ಅಂದ್ರ ಅರಿಶಿಣ ಪುಡಿಯ, ಚೀಲ, ಅದರ ಬಾಜೂಕ ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಕರಿ ಕಂಬಳಿ ಹಾಸಿಕೊಂಡು ಕುಂಡರ್ತಿದ್ದಳು. ಆ ಕಂಬಳಿಗೆ ಕುರಿ ವಾಸನಿ ಕಡೀತನಕ ಹೋಗಲಿಲ್ಲ. ನಮ್ಮ ಮಂದಿ ಚಪಳಗಾಂವದವ್ರು, ಕುರಿ ಕಾಯೋರು. ಅಪ್ಪ ಒಬ್ಬನೇ ಕೋಲು ಬಿಸಾಕಿ ಯುದ್ಧದ ಕಾಲಕ್ಕ ಮಿಲಿಟ್ರಿ ಲಾರಿ ಹೊಡಿಯಾಕ ಹೋಗಿದ್ದ. ತಿರುಗಿ ಬಂದಾಗ ಅವನ ಕೈಯಾಗ ಒಂದು ಕಬ್ಬಿಣದ ಪೆಟಗಿ, ಪೆಟಗಿ ತುಂಬ ಪಾನಾ, ಇಕ್ಕಳ. ಸ್ವಲ್ಪ ದಿವಸಕ್ಕ ಒಂದು ಹಳೇ ಕರಿ ವಿಲಾಯತಿ ಮೋಟರೂ ಬಂತು. ಅಂಗಳದಾಗ ತಗಡಿನ ಚಪ್ಪರ ಹಾಕಿ ಅದರ ಕೆಳಗ ನಿಲ್ಲಿಸಿದ. ರೈಲ್ವೆ ಸ್ಟೇಶನ್ನಿಗೆ ಇಳಿದ ಯಾತ್ರಿಕರನ್ನ ಊರಿಗೆ ತರೋದು, ಒಯ್ಯೋದು, ಅದೇ ಅವನ ದಂಧೆ. ಆಯಿಗೆ ಆ ಗಾಡಿ ಮ್ಯಾಲ ಭರವಸಿ ಇರಲಿಲ್ಲ. ಬಾನೆಟ್ಟಿಗೆ ದಿನಾ ಚಿಟಿಕಿ ಭಂಡಾರ ಹಚ್ಚಿ "ಇದರ ಹೊಟ್ಟ್ಯಾಗ ಬೆಂಕಿ ಅದಪ್ಪಾ, ನೀನೇ ಕಾಯಿ" ಅಂತ ದೇವರಿಗೆ ಹೇಳ್ತಿದ್ದಳು. ನನಗೂ ಅದರ ಅಂಜಿಕಿನೇ. ಹ್ಯಾಂಡಲ್ ತಿರುವಿದ ಕೂಡ್ಲೆ ಅದು ಗುಡುಗಿದ್ರ ನಾ ಬಾಗಲ ಹಿಂದ ಹೋಗಿ ನಿಂದರ್ತಿದ್ದೆ.

ನನಗ ಹತ್ತು ವರ್ಷ ಇದ್ದಾಗ, ಬ್ಯಾಸಗಿ ಮುಗಿಯೋ ಹೊತ್ತಿಗೆ, ಎರಡು ಸುದ್ದಿ ಜೋಡೀಲೆ ಬಂದ್ವು. ಅವ್ವ ಏಳು ತಿಂಗಳ ಬಸರಿ ಇದ್ದಳು. ಸೂಲಗಿತ್ತಿ ಬಂದು ಹೊಟ್ಟಿ ಮ್ಯಾಲ ಕೈಯಾಡಿಸಿ ಅಪ್ಪನ್ನ ಹೊರಗ ಕರದು ಹೇಳಿದಳು: "ಕೂಸು ಅಡ್ಡ ಮಲಗೇದ. ನನ್ನ ಕೈಲೆ ಆಗೂದಿಲ್ಲ. ಬ್ಯಾನಿ ಸುರು ಆದ ತಕ್ಷಣ ಸೊಲ್ಲಾಪುರದ ದೊಡ್ಡ ದವಾಖಾನಿಗೆ ಒಯ್ರಿ. ತಡ ಆತಂದ್ರ ಇಬ್ಬರೂ ದಕ್ಕೂದಿಲ್ಲ ನೋಡ್ರಿ." ನಾ ಕಿಡಕಿ ಸಂದ್ಯಾಗ ನಿಂತು ಕೇಳಿದೆ. ಅದಾಗಿ ಎಂಟು ದಿವಸಕ್ಕ ಗಾಡಿ ಕೆಟ್ಟಿತು. ಸ್ಟೇಶನ್ನಿನಿಂದ ಬರೋವಾಗ ಎಂಜಿನ್ ಕಾದು ಹೊಗಿ ಉಗುಳಾಕತ್ತಿತ್ತು, ಅಪ್ಪ ಅವಸರಕ್ಕ ಬಿದ್ದು ಬಾವಿಯ ತಣ್ಣೀರು ಸುರುವಿಬಿಟ್ಟ. ಚಟ್ ಅಂತ ಸಪ್ಪಳ ಆತು. ಎಂಜಿನ್ನಿನ ಮ್ಯಾಲಿನ ಮುಚ್ಚಳ, ಸಿಲಿಂಡರ್ ಹೆಡ್ಡು ಅಂತಾರಲ್ಲ, ಆ ದಪ್ಪನ್ನ ಬೀಡು ಕಬ್ಬಿಣ ಆ ಕಡಿಯಿಂದ ಈ ಕಡಿಗೆ ಸೀಳಿತ್ತು. ಅವತ್ತು ಅಪ್ಪ ಉಣ್ಣಲಿಲ್ಲ. ಬಸ್ಸು ದಿನಕ್ಕ ಒಂದೋ ಎರಡೋ. ರೈಲು ಹಿಡೀಬೇಕಂದ್ರ ಚಕ್ಕಡ್ಯಾಗ ಸ್ಟೇಶನ್ನು, ಅಲ್ಲಿಂದ ಹೋಟಗಿ, ಆಮ್ಯಾಲ ಸೊಲ್ಲಾಪುರ. ಬ್ಯಾನಿ ತಿಂದಾಕಿನ್ನ ಹಂಗ ಒಯ್ಯಾಕ ಆಗ್ತದೇನು? ಗಾಡಿ ಎದ್ದು ನಿಂದರಲೇಬೇಕಿತ್ತು.

ಅಪ್ಪ ನನ್ನನ್ನೂ ಕರಕೊಂಡು ಸೊಲ್ಲಾಪುರದ ಜೂನಾ ಬಜಾರಕ್ಕ, ಹಳೇ ಸಾಮಾನಿನ ಪ್ಯಾಟಿಗೆ, ಹೋದ. ಯುದ್ಧ ಮುಗದ ಮ್ಯಾಲ ಮಾರಿದ ಲಾರಿ, ಜೀಪುಗಳ ಎಲುಬು ಅಲ್ಲಿ ರಾಶಿ ಬಿದ್ದಿದ್ವು. ನಮ್ಮ ಎಂಜಿನ್ನಿಗೆ ಕೂಡೋ ಅಂಥಾವು ಎರಡೇ ಹೆಡ್ಡು ಸಿಕ್ಕವು. ಒಂದು ನಮ್ಮ ಗಾಡಿ ಜಾತಿದೇ, ನೋಡಾಕ ಚಂದ. ಇನ್ನೊಂದು ಲಾರೀದು, ತುಕ್ಕು ಹಿಡಿದಿತ್ತು, ಬೋಲ್ಟಿನ ತೂತು ಮಾತ್ರ ಸರಿ ಕೂಡ್ತಿದ್ವು. ಅಪ್ಪ ಒಂದೊಂದನ್ನೇ ಹಗ್ಗಕ್ಕ ಕಟ್ಟಿ ಎತ್ತಿ, ಸಣ್ಣ ಸುತ್ತಿಗಿಲೆ ಬಡದ. ಚಂದಂದು ಠಪ್ ಅಂತು. ತುಕ್ಕಿಂದು ಗುಡಿ ಗಂಟಿ ಹಂಗ ಠಣ್ ಅಂದು ಬಾಳ ಹೊತ್ತು ಅಂತೇ ಇತ್ತು. ಆದ್ರೂ ಅಂವಗ ಸಮಾಧಾನ ಇಲ್ಲ. ಎರಡಕ್ಕೂ ಚಿಮಣಿ ಎಣ್ಣಿ ಹಚ್ಚಿದ, ಒಣಾ ಅರಬೀಲೆ ಒರಸಿದ, ಕಿಸೆದಾಗಿಂದ ಆಯಿ ಎಲಿಗೆ ಹಚ್ಚೋ ಸುಣ್ಣದ ಒಣಾ ಪುಡಿ ತಗದು ಮ್ಯಾಲ ಉದುರಿಸಿದ. ಚಂದನ್ನ ಹೆಡ್ಡಿನ ಬಿಳಿ ಸುಣ್ಣದ ಮ್ಯಾಲ ಕೂದಲೆಳಿ ಅಷ್ಟು ಸಣ್ಣ ಒಂದು ಕಂದು ಗೆರಿ ಮೂಡಿತು. ಒಳಗ ಕುಂತಿದ್ದ ಎಣ್ಣಿ ಬಿರುಕಿನಾಗಿಂದ ಹೊರಗ ಬಂದಿತ್ತು. "ನೋಡಿದೇನವಾ ಗಂಗವ್ವಾ? ಸುಣ್ಣ ಹಚ್ಚಿದ್ರ ಕಬ್ಬಿಣ ಖರೇ ಹೇಳ್ತದ," ಅಂದ. ಲಾರಿ ಹೆಡ್ಡನ್ನ ಹೆಗಲ ಮ್ಯಾಲ ಹೊತ್ತ.

ಲಾರಿ ಹೆಡ್ಡಿಗೆ ಒಂದು ಐಬು ಇತ್ತು. ಅದರ ಹೊಟ್ಟ್ಯಾಗಿನ ಕುಳಿ ದೊಡ್ಡವು. ಪೆಟ್ರೋಲಿನ ಹಬೆ ಅಲ್ಲಿ ಸಡಲಾಗಿ ಕುಂಡರ್ತದ, ಬಿಗಿಯಾಗಿ ಒತ್ತಿಕೊಳ್ಳೂದಿಲ್ಲ, ಒತ್ತಿಕೊಳ್ಳಲಿಲ್ಲಂದ್ರ ಎಂಜಿನ್ನಿಗೆ ಕಸುವು ಇಲ್ಲ, ಏರು ಹತ್ತೂದಿಲ್ಲ. ಅದಕ್ಕ ಹೆಡ್ಡಿನ ತಳ ಕೆತ್ತಿ ತೆಳ್ಳಗ ಮಾಡಬೇಕು, ಕುಳಿ ತಾನೇ ಸಣ್ಣವಾಗ್ತಾವ. ಅಪ್ಪನ ಮಿಲಿಟ್ರಿ ಗೆಣೆಯ ಇಸ್ಮಾಯಿಲ್ ಕಾಕಾ ಸೊಲ್ಲಾಪುರದ ಒಂದು ಮಿಲ್ಲಿನಾಗ ಫಿಟ್ಟರ್ ಇದ್ದ. ಅಲ್ಲಿನ ವರ್ಕಶಾಪಿನಾಗ ಬಡಗ್ಯಾರು ಕಟಗಿಗೆ ಹೊಡದಂಗ ಕಬ್ಬಿಣಕ್ಕ ರಂಧಾ ಹೊಡಿಯೋ ಯಂತ್ರ ಇತ್ತು. ಹೆಡ್ಡನ್ನ ಬೋರಲು ಹಾಕಿ ಬಿಗಿದು ಸುರು ಮಾಡಿದ್ರು. ಬೀಡು ಕಬ್ಬಿಣ ಪುಡಿ ಪುಡಿಯಾಗಿ ಉದುರಿ ಬೀಳ್ತಿತ್ತು, ಆ ಕಿರ್ರನ್ನ ಸಪ್ಪಳಕ್ಕ ನಾ ಕಿವಿ ಮುಚ್ಚಿಕೊಂಡೆ. ಎರಡು ಸಲ ಕೆತ್ತಿದ ಮ್ಯಾಲ ಕಾಕಾ ಕೈ ಎತ್ತಿದ. "ಅರೆ ಭಾಯಿ, ಬಸ್. ಈ ಎಂಜಿನ್ನಿನಾಗ ವಾಲ್ವು ಪಿಸ್ಟನ್ನಿನ ಬಾಜೂಕ ನಿಂತು ಮ್ಯಾಲ ಏಳ್ತಾವ. ಛತ್ತು ತಗ್ಗಿತಂದ್ರ ಅವುಗಳ ತಲಿ ಬಡೀತದ. ಬಡದ್ರ ಡೊಂಕಾಗ್ತಾವ, ಗಾಡಿ ನಡು ಹಾದ್ಯಾಗ ಕುಂಡರ್ತದ." ಅಪ್ಪ ಕೇಳಲಿಲ್ಲ. ಹಾದ್ಯಾಗ ವಳಸಂಗದ ಈಚೆ ಕಡಿ ಏರು ಅದ, ಗಾಡಿ ತುಂಬ ಮಂದಿ ಇರ್ತಾರ, ಕಸುವು ಬೇಕು, ಇನ್ನೊಂದು ಕೈ ಹೊಡಿ ಅಂದ. ಕಾಕಾ ಹೊಡದ. ಹೊಡದು, "ಹಂಗಾರ ಹಿಟ್ಟಿಟ್ಟು ಮಾಪ ತಗೊಂಡೇ ಬಿಗಿ, ನನ್ನಾಣಿ," ಅಂದ.

ಹಿಟ್ಟಿನ ಮಾಪು, ಅಂದ್ರ ಅಳತಿ, ಹಿಂಗ: ವಾಲ್ವಿನ ತಲಿ ಮ್ಯಾಲ ನಾದಿದ ಹಿಟ್ಟಿನ ಉಂಡಿ ಇಟ್ಟು, ಹೆಡ್ಡು ಮುಚ್ಚಿ ಬಿಗಿದು, ಕೈಲೆ ಎಂಜಿನ್ ಎರಡು ಸುತ್ತು ತಿರುವೋದು. ಆಮ್ಯಾಲ ಹೆಡ್ಡು ತಗದು, ಒತ್ತಿದ ಹಿಟ್ಟು ಎಷ್ಟು ದಪ್ಪ ಉಳದದ ನೋಡೋದು. ಒಂದಾಣೆ ಬಿಲ್ಲಿಯಷ್ಟು ದಪ್ಪ ಇದ್ರ ವಾಲ್ವಿಗೆ ಜಾಗ ಅದ, ಹೆದರಿಕಿ ಇಲ್ಲ. ಅದಕ್ಕಿಂತ ತೆಳ್ಳಗಿದ್ರ ನಡುವ ಇಡೋ ತಾಮ್ರದ ಹಾಳಿ, ಗ್ಯಾಸ್ಕೆಟ್ಟು ಅಂತಾರ, ಒಂದರ ಬದಲಿ ಎರಡು ಹಾಕಿ ಹೆಡ್ಡನ್ನ ಮ್ಯಾಲ ಎತ್ತಬೇಕು. ಇಷ್ಟೆಲ್ಲಾ ಸಜ್ಜಾಗೋದ್ರಾಗ ಪಂಚಮಿ ಬಂತು. ಅವ್ವಗ ದಿನ ತುಂಬಾಕತ್ತಿದ್ವು, ಕಾಲು ಬಾತು ಕೋಣಿ ಬಿಟ್ಟು ಹೊರಗ ಬರ್ತಿರಲಿಲ್ಲ. ನಾಗಪಂಚಮಿ ದಿನ ನಮ್ಮ ಕಡೆ ಒಲಿ ಮ್ಯಾಲ ಹಂಚು ಇಡೂದಿಲ್ಲ, ಕರಿಯೂದಿಲ್ಲ, ಇಳಿಗಿ ಮುಟ್ಟೂದಿಲ್ಲ, ನೆಲ ಅಗಿಯೂದಿಲ್ಲ. ಹೂರಣ ತುಂಬಿದ ಗೋಧಿ ಕಡಬು ಕುದಿಸಿ ಉಣ್ಣೋದು. ಹಂಚು ಇಲ್ಲಂದ ಮ್ಯಾಲ ರೊಟ್ಟಿ ಇಲ್ಲ. ನಮ್ಮ ಆಯಿ ಇನ್ನೊಂದು ಹೆಜ್ಜಿ ಮುಂದ, ಅವತ್ತ ಜ್ವಾಳದ ಹಿಟ್ಟು ನಾದೋದೂ ಬ್ಯಾಡ ಅಂತಿದ್ದಳು. ಅಪ್ಪ ಅಂಗಳದಾಗಿಂದ ಕೂಗಿದ: "ಗಂಗವ್ವಾ, ಒಂದು ಮುಟಗಿ ಜ್ವಾಳದ ಹಿಟ್ಟು ಬಿಸಿನೀರಾಗ ನಾದಿ ತಾ. ಜ್ವಾಳದ್ದೇ ಬೇಕು ನೋಡು!"

ನಾ ಒಳಗ ಹೋದೆ. ಆಯಿ ಹಾಲಿನ ಗಿಂಡಿ ತಿಕ್ಕೋದ ಬಿಟ್ಟು ನನ್ನ ನೋಡಿದಳು. "ಜ್ವಾಳದ ಹಿಟ್ಟಿಗೆ ನೀರ ಹಾಕಿದ್ರ ಕೈ ಮುರದೇನು! ಮನ್ಯಾಗ ಬಸರಿ ಹೆಂಗಸು ಇದ್ದಾಳ, ಇಂಥಾ ದಿನ ಕೂಸಿಗೆ ಅಪಚಾರ ಆಗೂದಿಲ್ಲೇನು?" ಹೊರಗ ಅಪ್ಪ ಮತ್ತೊಮ್ಮೆ ಕೂಗಿದ. ಆಯಿಗೂ ಅಂಜಿಕಿ, ಅಪ್ಪಗೂ ಅಂಜಿಕಿ. ಆವಾಗ ನನಗ ಒಂದು ಶಾಣೆತನ ಹೊಳೀತು. ಕಡಬಿಗೆ ನಾದಿಟ್ಟಿದ್ದ ಗೋಧಿ ಕಣಕದಾಗ ಒಂದು ಹಿಡಿ ಮುರಕೊಂಡು ನಾಕಾರು ಸಣ್ಣ ಉಂಡಿ ಮಾಡಿದೆ. ಕಣಕ ಎಣ್ಣಿ ಹಚ್ಚಿ ಹಳದಿ ಹಳದಿ ಹೊಳೀತಿತ್ತು. ಒಣಾ ಜ್ವಾಳದ ಹಿಟ್ಟಿನ್ಯಾಗ ಒಂದೊಂದನ್ನೇ ಚಲೋತಂಗ ಹೊರಳಿಸಿ, ಅಂಗೈಯಾಗ ತಿಕ್ಕಿ, ಮತ್ತ ಹೊರಳಿಸಿ, ಬೆಳ್ಳಗ ಒರಟ ಮಾಡಿದೆ. ನೀರ ಹಾಕಿಲ್ಲ, ನಾದಿಲ್ಲ, ಆಯಿಯ ಮಾತೂ ಉಳೀತು. ಅಪ್ಪ ಅವನ್ನ ಎಣ್ಣಿಗೈಯಾಗ ಹಿಡಿದು ನೋಡಿ "ಭೇಷ್!" ಅಂದ. ನಾ ಹಿಗ್ಗಿ ಹೀರೇಕಾಯಿ ಆದೆ. ಹಿಟ್ಟು ಹಿಟ್ಟೇ ಅಲ್ಲೇನು ಅಂತ ತಿಳಕೊಂಡಿದ್ದೆ.

ಅಪ್ಪ ಉಂಡಿ ಇಟ್ಟು, ಹೆಡ್ಡು ಬಿಗಿದು, ಹ್ಯಾಂಡಲ್ ತಿರುವಿ, ಮತ್ತ ಬಿಚ್ಚಿದ. ಅಷ್ಟರಾಗ ಆಯಿ ಹಾಲೆರಿಯಾಕ ಕರದಳು. ದೇವರ ಕೆಲಸ ಮೊದಲಂತ ಒತ್ತಿದ ಹಿಟ್ಟಿನ ಚಕ್ಕಿಗಳನ್ನ ತಾಟಿನಾಗ ಇಟ್ಟು ಒಳಗ ಬಂದ. ನಾವೆಲ್ಲ ಮಣ್ಣಿನ ನಾಗಪ್ಪಗ ಹಾಲು, ಅಳ್ಳು, ತಂಬಿಟ್ಟು ಏರಿಸಿದ್ವಿ. ತಿರುಗಿ ಹೋಗಿ ಅಪ್ಪ ಬಿಲ್ಲಿ ಬಾಜೂಕ ಹಿಡಿದು ನೋಡಿದ. ಬಿಲ್ಲಿಗಿಂತ ಒಂದು ಕೂದಲ ದಪ್ಪನೇ ಇತ್ತು. ಎರಡನೇ ಗ್ಯಾಸ್ಕೆಟ್ಟು ಬ್ಯಾಡ ಅಂತ ತೀರ್ಮಾನ ಮಾಡಿ, ಒಂದೇ ಗ್ಯಾಸ್ಕೆಟ್ಟು ಹಾಕಿ, ಬೋಲ್ಟು ನಡುವಿಂದ ಹೊರಕ್ಕ ಒಂದೊಂದೇ ಬಿಗಿದ. ಸಂಜಿಮುಂದ ಕೈ ತೊಳಕೊಂಡು ಅವ್ವನ ಕೋಣಿಗೆ ಬಂದು ಕುಂತ. ನಾ ಕಡಬಿನ ತಾಟು ಹಿಡಕೊಂಡು ಬಾಗಲದಾಗ ನಿಂತಿದ್ದೆ. ಅವ್ವ "ರೀ, ಗಾಡಿ ಹಾದ್ಯಾಗ ಕೈ ಕೊಟ್ರ?" ಅಂದಳು. ಅಪ್ಪ ನಕ್ಕ. "ಹೆದರಬ್ಯಾಡ. ಮಾಪ ಪಕ್ಕಾ ಅದ. ಜ್ವಾಳದ ಹಿಟ್ಟಿನ ಖೂಬಿ ಏನಂದ್ರ, ಒತ್ತಿದ್ದು ಒತ್ತಿದಂಗೇ ಇರ್ತದ. ಗೋಧಿದಾಗಿದ್ರ ಬಿಟ್ಟ ಕೂಡ್ಲೆ ತಿರುಗಿ ಉಬ್ಬತದ, ಇಲ್ಲದ ಜಾಗ ಅದ ಅಂತ ತೋರಸ್ತದ. ನಾ ಅದಕ್ಕ ಜ್ವಾಳದ್ದೇ ಬೇಕಂದೆ."

ಕಡಬು ಲಟ್ಟಿಸುವಾಗ ನಾ ನೋಡಿರಲಿಲ್ಲೇನು, ಲಟ್ಟಿಸಿದ ಕಣಕ ಹಿಂದಕ್ಕ ಜಗ್ಗಿ ಸಣ್ಣದಾಗೋದು? ಈಗ ಹೇಳಿಬಿಡಬೇಕು ಅಂತ ಬಾಯಿ ತೆರದೆ. ಅವ್ವ ಎಷ್ಟೋ ದಿನದ ಮ್ಯಾಲ ನಗಾಕತ್ತಿದ್ದಳು. ಅಪ್ಪ ನನ್ನ ಕಡೆ ತಿರುಗಿ "ಏನವಾ?" ಅಂದ. "ಕಡಬು ಆರಾಕತ್ತಾವ," ಅಂದೆ.

ಮುಂದಿನ ಎರಡು ದಿನ ನಾ ಬದುಕಿದ್ದು ಹೆಂಗ ಅಂತ ನನಗೇ ತಿಳೀದು. ಅಪ್ಪ ಗಾಡಿ ಚಾಲೂ ಮಾಡಿದ, ಅಂಗಳದಾಗ ನಿಂತಲ್ಲೇ ಸಣ್ಣಗ ಓಡಿತು, ಮೆತ್ತಗ, ಚಂದಾಗಿ. ಓಣಿ ಮಂದಿ ಬಂದು ನೋಡಿ ಹೋದ್ರು. ಏನೂ ಆಗಲಿಲ್ಲಲ್ಲ ಅಂತ ಒಂದು ಗಳಿಗಿ ಧೈರ್ಯ, ಇನ್ನೊಂದು ಗಳಿಗಿಗೆ ಆ ಕಣಕದ ನೆನಪು. ಹೇಳಿದ್ರ ಹೆಡ್ಡು ಮತ್ತ ಬಿಚ್ಚಬೇಕು, ಅಷ್ಟರಾಗ ಬ್ಯಾನಿ ಬಂದ್ರ? ಹೇಳಲಿಲ್ಲಂದ್ರ? ಹಿತ್ತಲಿಗೆ ಹೋಗಿ ಒಬ್ಬಾಕಿನೇ ಅಳೋದು, ಬೀರೋಬಗ ಹರಕಿ ಹೊರೋದು, ಇಷ್ಟೇ ಮಾಡಿದೆ. ಖರೇ ಹೇಳ್ಬೇಕಂದ್ರ ಎಲ್ಲಾದಕ್ಕಿಂತ ಹೆಚ್ಚಿಗಿ ನನಗ ಅಂಜಿಕಿ ಇದ್ದದ್ದು ಅಪ್ಪ ಅಂದ ಆ ಭೇಷ್ ಹೋಗಿಬಿಡ್ತದ ಅಂತ. ಹತ್ತು ವರ್ಷದ ಹುಡುಗಿ ಮನಸ್ಸು ಅಷ್ಟು ಸಣ್ಣದಿರ್ತದ ನೋಡ್ರಿ.

ಮೂರನೇ ದಿನ ಮುಂಜಾನೆ ಅವ್ವಗ ಬ್ಯಾನಿ ಸುರು ಆದ್ವು. ಹಿಂದಿನ ಸೀಟಿನಾಗ ಕಂಬಳಿ ಹಾಸಿ ಅವ್ವನ್ನ ಮಲಗಿಸಿ, ಆಯಿ ತಲಿ ಕಡೆ, ಸೂಲಗಿತ್ತಿ ಕಾಲ ಕಡೆ ಕುಂತ್ರು. ನಾ ಅಪ್ಪನ ಬಾಜೂಕ. ಮನ್ಯಾಗ ಬಿಟ್ಟು ಹೋಗ್ತೀನಂದ್ರ ನಾ ಗಾಡಿ ಬಾಗಲ ಬಿಡಲೇ ಇಲ್ಲ. ಊರ ದಾಟಿ ಎರಡು ಮೈಲು ಎಂಜಿನ್ ಹಾಡಿಕೋತ ಹೋತು. ಅಪ್ಪ ವೇಗ ಏರಿಸಿದ. ಆವಾಗ ಸುರು ಆತು ಆ ಸಪ್ಪಳ. ಮೊದಲ ಉಗುರಿಲೆ ತಾಟು ಬಡದಂಗ, ಟಿಕ್ ಟಿಕ್ ಟಿಕ್. ಅಪ್ಪ ತಲಿ ಓರೆ ಮಾಡಿ ಕೇಳಿದ. ವೇಗ ಇಳಿಸಿದ, ಸಪ್ಪಳ ನಿಂತಿತು. ಏರಿಸಿದ, ಮತ್ತ ಬಂತು. ಅವನ ಮಾರಿಯಾಗಿನ ರಕ್ತ ಇಳಿಯೋದನ್ನ ನಾ ಬಾಜೂಕ ಕುಂತು ನೋಡಿದೆ. ಎಂಜಿನ್ ಕಾದಂಗ ಕಾದಂಗ ಸಣ್ಣ ವೇಗಕ್ಕೂ ಬಡಿಯಾಕತ್ತಿತು. ವಳಸಂಗದ ಏರಿನ ಮ್ಯಾಲ ಠಕ್ ಅಂತು, ಗಾಡಿ ಕುಂಟಾಕತ್ತಿತು. ಒಂದು ವಾಲ್ವು ಡೊಂಕಾಗಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹಿಂದ ಅವ್ವ ಕಂಬಳಿ ಕಚ್ಚಿಕೊಂಡು ನರಳಾಕತ್ತಿದ್ದಳು. ಆಯಿ ಒಂದೇ ಸವನ "ತಮ್ಮಾ, ಲಗೂ ನಡಿಸೋ, ತಮ್ಮಾ, ಲಗೂ ನಡಿಸೋ" ಅಂತಿದ್ದಳು. ಚಕ್ಕಡಿಗಳು ನಮ್ಮನ್ನ ದಾಟಿ ಹೋದ್ವು, ಅಷ್ಟು ನಿಧಾನ. ಸೊಲ್ಲಾಪುರದ ಈಚೆ ಕುಂಭಾರಿ ಊರ ಹತ್ತಿರ ಒಬ್ಬ ಲಾರಿಯವ ನಿಂತು, ಗಾಡಿಗೆ ಹಗ್ಗ ಕಟ್ಟಿ ಎಳಕೊಂಡು ದವಾಖಾನಿ ಬಾಗಲಕ್ಕ ತಂದ. ಒಂದೂವರಿ ತಾಸಿನ ಹಾದಿಗೆ ಐದು ತಾಸು ಹಿಡೀತು.

ಅವ್ವ ಉಳದಳು. ಕೂಸು ಉಳೀಲಿಲ್ಲ. ಗಂಡು ಕೂಸು. ಡಾಕ್ಟರ್‌ ಬಾಯಿ ಮರಾಠಿಯೊಳಗ ಹೇಳಿದಳು, ಮುಂಜಾನೇನೇ ಹೋಗಿದ್ದೀತು, ಲಗೂ ಬಂದಿದ್ರೂ ಉಳೀತಿತ್ತು ಅಂತ ಹೇಳಾಕ ಬರೂದಿಲ್ಲ ಅಂತ. ಅಪ್ಪ ಅದನ್ನ ಕೇಳಿದ, ಕಿವಿಗೆ ಹಾಕ್ಕೊಳ್ಳಲಿಲ್ಲ. ದವಾಖಾನಿ ಪಡಸಾಲಿ ಮೆಟ್ಟಲ ಮ್ಯಾಲ ಕುಂತು ತನ್ನ ಎರಡೂ ಅಂಗೈ ನೋಡಿಕೋತ "ನನ್ನ ಮಾಪ ತಪ್ಪಿತು. ನನ್ನ ಕೈಲೆ ಮಗ ಹೋದ," ಅಂದ. ಅಪ್ಪ ಅಳೋದನ್ನ ನಾ ಅದಕ್ಕ ಮೊದಲ ನೋಡಿರಲಿಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ. ಹತ್ತಿರ ಹೋಗಿ "ಅಪ್ಪಾ, ಅದು ಗೋಧಿ ಹಿಟ್ಟಿತ್ತು. ಕಡಬಿಂದು. ನಾನೇ ಕೊಟ್ಟಿದ್ದೆ," ಅಂದೆ. ಹೊಡೀತಾನ ಅಂತ ಕಣ್ಣು ಮುಚ್ಚಿದೆ. ಹೊಡದಿದ್ರ ಎಷ್ಟು ಚಲೋ ಇತ್ತು! ಅಂವ ನನ್ನ ಎಳಕೊಂಡು ಎದಿಗೆ ಒತ್ತಿಕೊಂಡ. "ಹುಚ್ಚಿ, ಜ್ವಾಳದ್ದೇ ಇತ್ತವಾ. ನಾನೇ ಕೈಯಾಗ ಹಿಡದು ನೋಡೀನಿ, ಬೆಳ್ಳಗಿತ್ತು. ಅಪ್ಪನ ತಪ್ಪು ನಿನ್ನ ಮ್ಯಾಲ ಹಾಕ್ಕೋತೀಯೇನು ನನ್ನ ಬಂಗಾರಾ?" ನಾ ಇನ್ನೊಮ್ಮೆ ಹೇಳಬೇಕಿತ್ತು. ಜ್ವಾಳದ ಹಿಟ್ಟಿನ್ಯಾಗ ಹೊರಳಿಸಿದ್ದನ್ನ ಬಿಡಿಸಿ ಹೇಳಬೇಕಿತ್ತು. ಆ ಎದಿ ಬೆಚ್ಚಗಿತ್ತು, ನಾ ಸುಮ್ಮನಾದೆ.

ಅಪ್ಪ ಗಾಡಿಯನ್ನ ಅದೇ ಜೂನಾ ಬಜಾರದಾಗ ಮಾರಿದ. ಅಕ್ಕಲಕೋಟದ ಮನಿಗೆ ಕೀಲಿ ಹಾಕಿ ಸೊಲ್ಲಾಪುರಕ್ಕ ಬಂದ್ವಿ, ಅಪ್ಪ ಮಿಲ್ಲಿಗೆ ಹೋಗಾಕತ್ತಿದ. ಅಂಥಾ ಕೈಗುಣದವ, ಅವತ್ತಿನಿಂದ ಸಾಯೋತನಕ ಒಂದು ಮಾಪೂ ತಾನೊಬ್ಬನೇ ತಗೊಳ್ಳಲಿಲ್ಲ. ಪ್ರತಿಯೊಂದಕ್ಕೂ ಇಸ್ಮಾಯಿಲ್ ಕಾಕಾನ್ನ ಕರದು "ನೀ ಒಮ್ಮೆ ನೋಡಪಾ, ನನ್ನ ಕಣ್ಣಿನ ಭರವಸಿ ಇಲ್ಲ," ಅಂತಿದ್ದ. ಆಯಿ ಹೋದಳು, ಅವ್ವಗ ಮತ್ತ ಮಕ್ಕಳಾಗಲಿಲ್ಲ, ಮಾಳಿಗಿ ಮನಿ ಒಂದು ಮಳಿಗಾಲಕ್ಕ ಕುಸೀತು, ಈಗ ಅಲ್ಲಿ ಯಾತ್ರಿಕರ ಲಾಜು ಎದ್ದದ. ಉಳದದ್ದು ಒಂದು ಕಥಿ. ಬಂದವರಿಗೆಲ್ಲಾ ಅಪ್ಪ ಅದನ್ನ ಹೇಳ್ತಿದ್ದ: ಹತ್ತು ವರ್ಷದ ಕೂಸು, ಅಪ್ಪನ ದುಃಖ ನೋಡಲಾರದ ತಪ್ಪನ್ನೆಲ್ಲಾ ತನ್ನ ಮ್ಯಾಲ ಹೊತ್ತಕೊಂಡಿತು ಅಂತ. ನನ್ನ ನೋಡಾಕ ಗಂಡಿನವ್ರು ಬಂದಾಗಲೂ ಹೇಳಿದ. ನನ್ನ ಅತ್ತಿ ಆ ಮಾತಿಗೇ ಮನಸೋತು ಚಹಾ ಆರೋದ್ರಾಗ ಹೂಂ ಅಂದಳಂತ. ನಾ ತಲಿ ತಗ್ಗಿಸಿ ಕುಂತಿದ್ದೆ. ನಾಚಿಕಿ ಅಂತ ತಿಳಕೊಂಡ್ರು.

ಅವನ ಕಡೀ ವರ್ಷ ನಾ ಮತ್ತೊಮ್ಮೆ ಹೇಳಿದೆ. ಹಾಸಗಿ ಹಿಡದಿದ್ದ, ಬುದ್ಧಿ ಚುರುಕಿತ್ತು. ಎಲ್ಲಾ ಬಿಡಿಸಿ ಹೇಳಿದೆ, ಆಯಿ ಬೈದದ್ದು, ಕಣಕ ಮುರದದ್ದು, ಹೊರಳಿಸಿದ್ದು, ಕಿಡಕಿ, ಕಡಬು, ಎಲ್ಲಾ. ಅವನ ಕಣ್ಣು ತುಂಬಿ ಬಂದ್ವು. ಒಣಗಿದ ಕೈ ಎತ್ತಿ ನನ್ನ ತಲಿ ಮ್ಯಾಲ ಇಟ್ಟ. "ಇನ್ನೂ ಬಿಟ್ಟಿಲ್ಲ ನೋಡು ಈಕಿ," ಅಂತ ಬಾಗಲದಾಗ ನಿಂತ ನನ್ನ ಮಗನಿಗೆ ಹೇಳಿದ, "ಸಾಯೋ ಮುದುಕಗ ಸಮಾಧಾನ ಮಾಡಾಕ ಎಷ್ಟು ಚಂದ ಕಥಿ ಕಟ್ಯಾಳ."

ಅವನು ಹೋಗಿ ಇಷ್ಟು ವರ್ಷ ಆತು. ಈಗ ಅವನ ಕಥಿಯನ್ನ ನನ್ನ ಮಗ ತನ್ನ ಮಕ್ಕಳಿಗೆ ಹೇಳ್ತಾನ, ಮೊಮ್ಮಗ ತನ್ನ ಗೆಳ್ಯಾರಿಗೆ. ನಮ್ಮ ಮನ್ಯಾಗ ಯಾರೂ ನನ್ನ ಮಾತ ಕೇಳೂದಿಲ್ಲ. ನೀವಾದ್ರೂ ನಂಬ್ರಿ. ಅದು ಗೋಧಿ ಹಿಟ್ಟಿತ್ತು.